ನಿಮಗಿದು ಗೊತ್ತೇ? ಹಾಡಿದವರ ಹೆಸರಿನಲ್ಲಿ ಊರು ನಿದ್ದೆಗೆಡುವ ರಾತ್ರಿಗಳು

ಸೆಪ್ಟೆಂಬರ್ 17 ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಬೆಳಿಗ್ಗೆಯೇ ಧ್ವಜ ಏರುತ್ತದೆ. 1948ರ ಆ ದಿನ ನಿಜಾಮರ ಹೈದರಾಬಾದ್ ಸಂಸ್ಥಾನ ಭಾರತದ ಸೇನೆಗೆ ಶರಣಾಯಿತು. ಕಲ್ಯಾಣ ಕರ್ನಾಟಕಕ್ಕೆ ಅದು ಬಿಡುಗಡೆಯ ದಿನ. ಅದೇ ತಾರೀಖಿಗೆ ಇನ್ನೊಂದು ನೆನಪೂ ಇರುವುದು ನಿಮಗೆ ಗೊತ್ತೇ? 2010ರ ಸೆಪ್ಟೆಂಬರ್ 17ರಂದು ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಡಿತ ಪುಟ್ಟರಾಜ ಗವಾಯಿಗಳು ಲಿಂಗೈಕ್ಯರಾದರು. ಹುಟ್ಟಿದ್ದು 1914ರ ಮಾರ್ಚ್ 3. ತೀರಿಕೊಂಡ ವರ್ಷವೇ ಅವರಿಗೆ ಪದ್ಮಭೂಷಣ ಬಂದಿತ್ತು. ಯಾದಗಿರಿ ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾದದ್ದೂ ಅದೇ 2010ರಲ್ಲಿ.

ಗದಗಿಗೂ ಯಾದಗಿರಿಗೂ ಎಲ್ಲಿಂದೆಲ್ಲಿಯ ನಂಟು ಎನ್ನುತ್ತೀರಾ? ಶ್ರಾವಣದಲ್ಲಿ ನಮ್ಮ ಸೀಮೆಯ ಯಾವುದೇ ಹಳ್ಳಿಯ ಗುಡಿಗೆ ಹೋಗಿ ನೋಡಿ. ತಿಂಗಳಿಡೀ ಪುರಾಣ ನಡೆದಿರುತ್ತದೆ. ಪುರಾಣಿಕರ ಒಂದು ಬದಿಗೆ ಪೇಟಿ ಹಿಡಿದ ಗವಾಯಿಗಳು, ಇನ್ನೊಂದು ಬದಿಗೆ ತಬಲಾ ಸಾಥಿ. ಕರಪತ್ರದಲ್ಲಿ ‘ಸಂಗೀತ ಸೇವೆ’ ಎಂದು ಅವರ ಹೆಸರು ಅಚ್ಚಾಗಿರುತ್ತದೆ. ಆ ಗವಾಯಿಗಳನ್ನು ಎಲ್ಲಿ ಕಲಿತಿರಿ ಎಂದು ಕೇಳಿದರೆ ಮತ್ತೆ ಮತ್ತೆ ಬರುವ ಉತ್ತರ ಒಂದೇ: ‘ಗದಗಿನ ಆಶ್ರಮದಾಗ್ರಿ.’ ಕೆಲವರಿಗೆ ಕಣ್ಣು ಕಾಣುವುದಿಲ್ಲ. ಊರ ಹೆಸರು, ದಾನಿಗಳ ಹೆಸರು, ಕಥೆಯ ಎಳೆ, ಮುಂದಿನ ಪದ್ಯ ಎಲ್ಲವೂ ಅವರಿಗೆ ಬಾಯಿಪಾಠ. ಪುರಾಣದ ನಾಯಕ ಹುಟ್ಟುವ ಪ್ರಸಂಗದ ದಿನ ತೊಟ್ಟಿಲ ಕಾರ್ಯಕ್ರಮವಿರುತ್ತದೆ. ಹೆಣ್ಣುಮಕ್ಕಳು ಗುಡಿಯ ಕಂಬಕ್ಕೆ ತೊಟ್ಟಿಲು ಕಟ್ಟಿ, ಸೀರೆ ಸುತ್ತಿ, ಹೂವು ಮುಡಿಸಿ ತೂಗುತ್ತಾರೆ. ಗವಾಯಿಗಳು ಜೋಗುಳ ಎತ್ತುತ್ತಾರೆ. ಇಡೀ ಗುಡಿ ದನಿಗೂಡಿಸುತ್ತದೆ. ಪುಟ್ಟರಾಜರ ಸ್ಮಾರಕ ಎಲ್ಲಿದೆ ಎಂದು ಯಾರಾದರೂ ನನ್ನನ್ನು ಕೇಳಿದರೆ ಗದಗಿನ ಗದ್ದುಗೆಯ ಜತೆಗೆ ಈ ಗುಡಿಗಳನ್ನೂ ತೋರಿಸುತ್ತೇನೆ.

ಪುಟ್ಟರಾಜರ ಗುರು ಪಂಚಾಕ್ಷರ ಗವಾಯಿಗಳು. ಗುರುವಿಗೂ ಕಣ್ಣಿರಲಿಲ್ಲ, ಶಿಷ್ಯನಿಗೂ ಇರಲಿಲ್ಲ. ಪಂಚಾಕ್ಷರರು ಹುಟ್ಟಿದ್ದು 1892ರಲ್ಲಿ, ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ. ತೀರಿಕೊಂಡದ್ದು 1944ರ ಜೂನ್ 11ರಂದು. ಹಾನಗಲ್ಲ ಕುಮಾರ ಸ್ವಾಮಿಗಳು ಈ ಕುರುಡು ಹುಡುಗನ ದನಿ ಕೇಳಿ ಕೈಹಿಡಿದರು. ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತ ಕಲಿತು ಬಂದ ಪಂಚಾಕ್ಷರರು ಆಮೇಲೆ ನೀಲಕಂಠ ಬುವಾ ಅವರಲ್ಲಿ ಹಿಂದುಸ್ತಾನಿ ಕಲಿತರು. ಎರಡೂ ಕೈಗೆ ಬಂದ ಮೇಲೆ ಊರೂರು ಅಲೆಯುವ ಪಾಠಶಾಲೆ ಕಟ್ಟಿದರು. ಹೋದಲ್ಲೇ ಪಾಠ, ಹೋದಲ್ಲೇ ಊಟ. ಖರ್ಚಿಗೆ ನಾಟಕ ಕಂಪನಿ. ಗದಗಿನಲ್ಲಿ ಬೇರು ಬಿಟ್ಟದ್ದು ಕೊನೆಯ ವರ್ಷಗಳಲ್ಲಿ. ಪಂಚಾಕ್ಷರರು, ಪುಟ್ಟರಾಜರು ಇಬ್ಬರ ನೆನಪಿನ ಜಾತ್ರೆಗೆ ಶಿಷ್ಯರು ಎಲ್ಲೆಲ್ಲಿಂದಲೋ ಬಂದು ಸರದಿಯ ಮೇಲೆ ಹಾಡುತ್ತಾರೆ, ಬಾರಿಸುತ್ತಾರೆ. ಅದು ಅವರ ಪಾಲಿಗೆ ಸೇವೆ.

ಪಂಚಾಕ್ಷರ ಗವಾಯಿಗಳ ಬದುಕು 1995ರಲ್ಲಿ ಸಿನಿಮಾ ಆಯಿತು. ಅದರ ಸಂಗೀತಕ್ಕೆ ಹಂಸಲೇಖ ಅವರಿಗೂ ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು.

ಸೆಪ್ಟೆಂಬರಿನದೇ ಇನ್ನೊಂದು ತಾರೀಖು ನೋಡಿ. 1952ರ ಸೆಪ್ಟೆಂಬರ್ 12ರಂದು ಸವಾಯಿ ಗಂಧರ್ವರು ಪುಣೆಯಲ್ಲಿ ತೀರಿಕೊಂಡರು. ಸರಿಯಾಗಿ 40 ವರ್ಷದ ಬಳಿಕ, 1992ರ ಸೆಪ್ಟೆಂಬರ್ 12ರಂದು ಮಲ್ಲಿಕಾರ್ಜುನ ಮನಸೂರರು. ಧಾರವಾಡ ಸೀಮೆಯ ಇಬ್ಬರು ಮಹಾನ್ ಗಾಯಕರಿಗೆ ಒಂದೇ ಪುಣ್ಯತಿಥಿ. ಮನಸೂರರಿಗೂ ನೀಲಕಂಠ ಬುವಾ ಅವರೇ ಮೊದಲ ದೊಡ್ಡ ಗುರು. ಗದಗಿನ ಆಶ್ರಮವೂ ಧಾರವಾಡದಲ್ಲಿನ ಮನಸೂರರ ‘ಮೃತ್ಯುಂಜಯ’ ಮನೆಯೂ ಒಂದೇ ಗುರುವಿನ ಎರಡು ಕವಲು ಎಂಬುದು ಎಷ್ಟು ಜನರಿಗೆ ನೆನಪಿದೆ?

ಕುಂದಗೋಳದ ನಾಡಿಗೇರ ವಾಡೆಯ ಹೆಸರು ಕೇಳಿದ್ದೀರಾ? ಮೀರಜಿನಿಂದ ಮೈಸೂರಿಗೆ ಹೋಗಿಬರುವ ದಾರಿಯಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರು ಇಳಿದುಕೊಳ್ಳುತ್ತಿದ್ದ ಮನೆ ಅದು. ಆ ಊರಿನ ಹುಡುಗ ರಾಮಭಾವೂ ಅವರ ಶಿಷ್ಯನಾಗಿ ಮುಂದೆ ಸವಾಯಿ ಗಂಧರ್ವರೆನಿಸಿದರು. ಇಂದಿಗೂ ಅದೇ ವಾಡೆಯ ಅಂಗಳದಲ್ಲಿ ಅವರ ಪುಣ್ಯತಿಥಿಯ ಸಂಗೀತ ನಡೆಯುತ್ತದೆ. ಭೀಮಸೇನ ಜೋಶಿಯವರು ದೇಶವೆಲ್ಲ ಮೆಚ್ಚುವ ಗಾಯಕರಾದ ಮೇಲೂ ಗುರುವಿನೂರಿಗೆ ಬಂದು ಕುಳಿತು ಹಾಡುತ್ತಿದ್ದರು. ಗಂಗೂಬಾಯಿ ಹಾನಗಲ್ಲರೂ ಹಾಗೆಯೇ. ವೇದಿಕೆಯೆಂದರೆ ಮನೆಯ ಪಡಸಾಲೆ. ಕೇಳುಗರು ಅಂಗಳದಲ್ಲಿ, ಮಾಳಿಗೆಯ ಮೇಲೆ. ಅಲ್ಲಿ ಹಾಡಲು ಸಿಗುವ ಅವಕಾಶಕ್ಕೆ ಕಲಾವಿದರು ಕೊಡುವ ಬೆಲೆ ಸಂಭಾವನೆಯ ಲೆಕ್ಕಕ್ಕೆ ಸಿಕ್ಕುವಂಥದ್ದಲ್ಲ.

ಭೀಮಸೇನರು ಅದೇ ಗುರುವಿನ ಹೆಸರಿನಲ್ಲಿ 1953ರಲ್ಲಿ ಪುಣೆಯಲ್ಲಿ ಶುರುಮಾಡಿದ ಉತ್ಸವ ಇಂದು ಹಿಂದುಸ್ತಾನಿ ಸಂಗೀತದ ದೊಡ್ಡ ಹಬ್ಬಗಳಲ್ಲಿ ಒಂದು. ಮೊದಲು ಅದು ರಾತ್ರಿಯಿಡೀ ನಡೆಯುತ್ತಿತ್ತು. ರಾತ್ರಿ ಹತ್ತರ ಬಳಿಕ ಧ್ವನಿವರ್ಧಕ ಕೂಡದೆಂಬ ನಿಯಮ ಬಂದ ಮೇಲೆ ಹೊತ್ತು ಬದಲಾಯಿತು. ನಸುಕಿನ ರಾಗಗಳನ್ನು ನಸುಕಿನಲ್ಲೇ ಕೇಳುವ ಸುಖ ತಪ್ಪಿತು. ನಿಯಮದ ಉದ್ದೇಶ ಸರಿಯಾದದ್ದೇ. ಆದರೂ ಆ ಸುಖ ಕಳೆದದ್ದಕ್ಕೆ ನನಗೆ ನೋವಿದೆ.

ಇನ್ನು ನಮ್ಮದೇ ನೆಲಕ್ಕೆ ಬರೋಣ. ಶಹಾಪುರ, ಸುರಪುರಗಳ ಈ ಭಾಗಕ್ಕೆ ಸಗರನಾಡು ಎಂದು ಹೆಸರು. ಇಲ್ಲಿ ದೊಡ್ಡ ಸಂಗೀತಗಾರನೆಂದರೆ ಕಛೇರಿ ಮಾಡುವವನೊಬ್ಬನೇ ಎಂದು ಯಾರೂ ತಿಳಿದಿಲ್ಲ. ಪದ ಕಟ್ಟಿದವನು, ಏಕತಾರಿ ಮೀಟಿ ಅದನ್ನು ಹಾಡಿದವನು, ಊರಿಂದೂರಿಗೆ ಒಯ್ದವನು, ಎಲ್ಲರೂ ಆ ಸಾಲಿನವರೇ. ಶಹಾಪುರದ ಗಡಿಗೆ ಹತ್ತಿದಂತಿರುವ ಕಡಕೋಳದ ಮಡಿವಾಳಪ್ಪನವರನ್ನು ತೆಗೆದುಕೊಳ್ಳಿ. ಅಫಜಲಪುರ ಸೀಮೆಯ ಬಿದನೂರಿನಲ್ಲಿ ಹುಟ್ಟಿ ಕಡಕೋಳದಲ್ಲಿ ನೆಲೆನಿಂತವರು. ಅವರು ಕಟ್ಟಿದ ತತ್ವಪದಗಳು ಕಲಬುರಗಿ, ಯಾದಗಿರಿ, ವಿಜಯಪುರ, ರಾಯಚೂರಿನ ಭಜನಾ ಮೇಳಗಳ ಬಾಯಲ್ಲಿ ಇವತ್ತಿಗೂ ಇವೆ. ಮಠದ ಹಂಗಿಲ್ಲದವರು, ಜಾತಿಯ ಕಟ್ಟು ಒಪ್ಪದವರು. ಅವರ ಶಿಷ್ಯರ ಪಟ್ಟಿ ನೋಡಿದರೇ ಸಾಕು: ಚೆನ್ನೂರಿನ ಜಲಾಲಸಾಹೇಬ, ಖೈನೂರಿನ ಕೃಷ್ಣಪ್ಪ, ತೆಲಗಬಾಳದ ರೇವಪ್ಪ. ಊರಿನ ಹೆಸರೇ ಇವರ ಮನೆತನದ ಹೆಸರು.

ಅದೇ ಸಾಲಿನಲ್ಲಿ ಯಾದಗಿರಿ ಸೀಮೆಯ ಮೋಟನಹಳ್ಳಿ ಹಸನ್‌ಸಾಹೇಬರು ಬರುತ್ತಾರೆ, ರಸ್ತಾಪುರದ ಭೀಮಕವಿ ಬರುತ್ತಾರೆ. ಒಬ್ಬ ಮುಸ್ಲಿಂ ಪದಕಾರ ಕಟ್ಟಿದ ಶಿವನ ಪದವನ್ನು ಬಸವಣ್ಣನ ಗುಡಿಯಲ್ಲಿ ಕುರುಬರ ಹಿರಿಯ ಎತ್ತಿಕೊಳ್ಳುವುದು, ಬಡಿಗೇರರ ಹುಡುಗ ಡಗ್ಗಾ ನುಡಿಸುವುದು ಇಲ್ಲಿ ಸುದ್ದಿಯೇ ಅಲ್ಲ. ಸುದ್ದಿಯಾಗದೆ ಇದ್ದದ್ದರಿಂದಲೇ ಹೊರಗಿನವರಿಗೆ ಅದು ತಿಳಿದಿಲ್ಲ.

ತತ್ವಪದಕಾರನಿಗೆ ಸಲ್ಲುವ ದೊಡ್ಡ ಮರ್ಯಾದೆ ಅಹೋರಾತ್ರಿ ಭಜನೆ. ಅದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅಲ್ಲಿ ಪ್ರೇಕ್ಷಕರು ಅನ್ನುವವರು ಕಡಿಮೆ. ಊಟವಾದ ಮೇಲೆ ಗುಡಿಯ ಕಟ್ಟೆಯ ಮೇಲೆ ಜಮಖಾನೆ ಹಾಸುತ್ತಾರೆ. ಪೇಟಿಯವರು ನಡುವೆ ಕೂಡುತ್ತಾರೆ. ಏಕತಾರಿ, ದಮ್ಮಡಿ, ತಾಳ ಹಿಡಿದವರು ಸುತ್ತ. ಒಬ್ಬರು ಪಲ್ಲ ಎತ್ತುತ್ತಾರೆ, ಉಳಿದವರು ಹಿಡಿಯುತ್ತಾರೆ. ಒಂದು ಮೇಳ ಬಿಟ್ಟ ಕಡೆ ಇನ್ನೊಂದು ಮೇಳ ಎತ್ತಿಕೊಳ್ಳುತ್ತದೆ. ನಡುರಾತ್ರಿ ದಾಟಿದ ಮೇಲೆ ಸವಾಲ್-ಜವಾಬ್. ಒಂದು ಮೇಳ ಪದದಲ್ಲೇ ಒಗಟು ಹಾಕುತ್ತದೆ: ಒಂಬತ್ತು ಬಾಗಿಲ ಮನೆ ಯಾವುದು, ಎಣ್ಣೆಯಿಲ್ಲದ ದೀಪ ಯಾವುದು ಎಂಬಂಥವು. ಎದುರಿನ ಮೇಳ ಪದದಲ್ಲೇ ಬಿಡಿಸಬೇಕು. ಸೋತ ಮೇಳವೂ ಚಹಾ ಕುಡಿದು ಮತ್ತೆ ಕೂಡುತ್ತದೆ. ಮಂಗಳಾರತಿ ಪದ ಹಾಡುವ ಹೊತ್ತಿಗೆ ಮೂಡಣ ಕೆಂಪಾಗಿರುತ್ತದೆ.

ಅಲ್ಲಿ ಕೂತ ಹುಡುಗರು ಹಿರಿಯರನ್ನು ಕೇಳುವುದುಂಟು: ‘ಮುತ್ಯಾ, ಈ ಪದ ಯಾರ್ದು?’ ಮುತ್ಯಾ ತಾಳ ಬಿಡದೆ ಹೇಳುತ್ತಾನೆ: ‘ಗಡಬಡಿ ಯಾಕಪಾ, ಕಡೀ ನುಡ್ಯಾಗ ಬರ್ತದ ಕೇಳು.’ ಕೊನೆಯ ನುಡಿಯಲ್ಲಿ ಅಂಕಿತ ಬರುತ್ತದೆ. ಪದಕಾರ ತನ್ನ ಗುರುವಿನ ಹೆಸರನ್ನೋ ಊರ ದೇವರ ಹೆಸರನ್ನೋ ಅಲ್ಲಿ ಸೇರಿಸಿ ಹೋಗಿರುತ್ತಾನೆ. ಮಡಿವಾಳಪ್ಪನವರ ಪದಗಳಲ್ಲಿ ಗುರು ಮಹಾಂತನ ಹೆಸರು ಬರುವುದು ಹೀಗೆಯೇ. ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಶಕ್ತಿಯಿಲ್ಲದವರು ಹಾಡಿನ ಕೊನೆಗೆ ಹೆಸರು ಇಟ್ಟರು. ನೂರಿನ್ನೂರು ವರ್ಷ ಕಳೆದರೂ ಪ್ರತಿ ಸಲ ಹಾಡಿದಾಗ ಆ ಹೆಸರು ಬಾಯಿಗೆ ಬರಲೇಬೇಕು. ಇದಕ್ಕಿಂತ ಗಟ್ಟಿಯಾದ ಸ್ಮಾರಕ ನನಗೆ ತಿಳಿದಿಲ್ಲ.

ನಿಜಾಮರ ಕಾಲದಲ್ಲಿ ಈ ಭಾಗದ ಆಡಳಿತ ಭಾಷೆ ಉರ್ದು. ಮೇಲಿನ ತರಗತಿಗಳ ಪಾಠವೂ ಉರ್ದುವಿನಲ್ಲಿಯೇ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಅದೇ. ಕನ್ನಡ ಶಾಲೆಗಳು ಬೆರಳೆಣಿಕೆಯಷ್ಟು. ಅಂಥ ದಿನಗಳಲ್ಲಿ ಅಕ್ಷರ ಕಲಿಯದ ಒಕ್ಕಲಿಗನ ನಾಲಗೆಯ ಮೇಲೂ ಎತ್ತರದ ಕನ್ನಡ ಉಳಿದದ್ದು ಹೇಗೆ? ಪುರಾಣದಿಂದ, ಭಜನೆಯಿಂದ, ಮೊಹರಮ್ಮಿನ ಪದಗಳಿಂದ. ಮೊಹರಂ ಬಂದಾಗ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಕರ್ಬಲದ ಕಥೆಯನ್ನು ಕನ್ನಡದಲ್ಲೇ ಹಾಡುವ ರಿವಾಯತ್ ಮೇಳಗಳು ಇಲ್ಲಿ ಇಂದಿಗೂ ಇವೆ. 1956ರ ನವೆಂಬರ್ 1ರಂದು ಯಾದಗಿರಿ, ಶಹಾಪುರ, ಸುರಪುರಗಳು ಕನ್ನಡ ರಾಜ್ಯಕ್ಕೆ ಸೇರಿದಾಗ ತಮ್ಮ ಪಾಲಿನ ಕನ್ನಡವನ್ನು ಹೊತ್ತು ತಂದದ್ದು ಹೆಚ್ಚಾಗಿ ಈ ಹಾಡುಗಾರರು.

ಇದೇ ಕಥೆ ಏಳು ಕಡಲಾಚೆ ಇನ್ನೊಂದು ಜನಕ್ಕೂ ಆಗಿದೆ ಎಂಬುದು ಗೊತ್ತೇ? ಅಮೆರಿಕದ ದಕ್ಷಿಣದ ಲೂಸಿಯಾನಾ ರಾಜ್ಯದಲ್ಲಿ ಕೇಜನ್ ಜನರಿದ್ದಾರೆ. ಅವರ ಹಿರಿಯರು ಫ್ರೆಂಚ್ ಆಡುವ ರೈತರು, ಕೆನಡಾದ ಪೂರ್ವ ಕರಾವಳಿಯವರು. 1755ರಲ್ಲಿ ಬ್ರಿಟಿಷರು ಅವರನ್ನು ನೆಲದಿಂದ ಎಬ್ಬಿಸಿ ಹಡಗು ಹತ್ತಿಸಿದರು. ಅಲೆದು ಅಲೆದು ಹಲವರು ಲೂಸಿಯಾನಾದ ಜೌಗು ನೆಲದಲ್ಲಿ ಊರು ಕಟ್ಟಿಕೊಂಡರು. 1921ರಲ್ಲಿ ಆ ರಾಜ್ಯದ ಸಂವಿಧಾನ ಶಾಲೆಗಳಲ್ಲಿ ಇಂಗ್ಲಿಷೊಂದೇ ಎಂದು ವಿಧಿಸಿತು. ಶಾಲೆಯ ಅಂಗಳದಲ್ಲಿ ಫ್ರೆಂಚ್ ಮಾತಾಡಿದ ಮಕ್ಕಳಿಗೆ ಶಿಕ್ಷೆ. ಆಗ ಆ ಭಾಷೆಗೆ ನೆರಳಾದದ್ದು ಶನಿವಾರದ ರಾತ್ರಿಯ ಕುಣಿತದ ಮನೆಗಳು, ಪಿಟೀಲು ಮತ್ತು ಅಕಾರ್ಡಿಯನ್. 1928ರಲ್ಲಿ ಜೋ ಫಾಲ್ಕನ್ ಮತ್ತು ಕ್ಲಿಯೋಮಾ ಬ್ರೋ ದಂಪತಿಯಾಗುವ ಮುನ್ನವೇ ಜತೆಯಾಗಿ ಮೊದಲ ಕೇಜನ್ ಗ್ರಾಮಫೋನ್ ತಟ್ಟೆಗೆ ಹಾಡಿದರು.

ಡ್ಯೂಯಿ ಬಾಲ್ಫಾ ಎಂಬ ಪಿಟೀಲುಗಾರನ ವಿಷಯ ಇಲ್ಲಿ ಹೇಳಲೇಬೇಕು. 1927ರಲ್ಲಿ ಹುಟ್ಟಿದವನು, ಹೊಟ್ಟೆಪಾಡಿಗೆ ಶಾಲಾ ಬಸ್ಸು ಓಡಿಸಿದವನು. ಕೇಜನ್ ಹಾಡೆಂದರೆ ಹಳ್ಳಿಗುಗ್ಗುಗಳ ಗದ್ದಲ ಎಂದು ಅವರದೇ ಪೇಟೆಯ ಜನ ಮೂಗು ಮುರಿಯುತ್ತಿದ್ದ ಕಾಲವದು. 1964ರಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಆತ ನುಡಿಸಿದಾಗ ಸಾವಿರಾರು ಜನ ಎದ್ದು ನಿಂತು ಮೆಚ್ಚಿದರು. ಮರಳಿ ಬಂದವನು ಸುಮ್ಮನೆ ಕೂರಲಿಲ್ಲ. ಶಾಲೆಗಳಿಗೆ ಹೋಗಿ ಮಕ್ಕಳ ಮುಂದೆ ನುಡಿಸಿದ, ಫ್ರೆಂಚ್ ಹಾಡು ನಾಚಿಕೆಯ ವಿಷಯವಲ್ಲ ಎಂದು ಮನವರಿಕೆ ಮಾಡಿದ. ಜತೆಗೆ ನುಡಿಸುತ್ತಿದ್ದ ಇಬ್ಬರು ಸೋದರರು 1979ರಲ್ಲಿ ಅಪಘಾತದಲ್ಲಿ ತೀರಿಕೊಂಡರೂ ಕೆಲಸ ನಿಲ್ಲಿಸಲಿಲ್ಲ. 1992ರಲ್ಲಿ ಆತ ತೀರಿಕೊಂಡ. ಅವನ ಹೆಸರಿನಲ್ಲಿ ಜನ ಮಾಡುವುದೇನು ಗೊತ್ತೇ? ಒಂದು ವಾರದ ಕಲಿಕೆಯ ಬಿಡಾರ. ಹಳಬರು, ಹೊಸಬರು, ಮಕ್ಕಳು ಒಟ್ಟಿಗೆ ಉಳಿದು, ಒಟ್ಟಿಗೆ ಉಂಡು, ಹಗಲು ಕಲಿತು ರಾತ್ರಿ ನುಡಿಸುತ್ತಾರೆ. ನಮ್ಮ ಭಜನಾ ಸಪ್ತಾಹ ಕಂಡವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ.

ಐರಿ ಲಜೂನ್ ಎಂಬ ಇನ್ನೊಬ್ಬ ಕೇಜನ್ ಅಕಾರ್ಡಿಯನ್‌ಗಾರನಿಗೆ ಹುಟ್ಟಿನಿಂದ ಕಣ್ಣು ಮಂಜು. ಹೊಲದ ಕೆಲಸ ಆಗದೆಂದು ವಾದ್ಯ ಹಿಡಿದ. 1955ರಲ್ಲಿ ರಸ್ತೆಬದಿಯಲ್ಲಿ ವಾಹನ ಬಡಿದು ತೀರಿಕೊಂಡಾಗ ಇನ್ನೂ 30 ತುಂಬಿರಲಿಲ್ಲ. ಅವನ ಧಾಟಿಗಳನ್ನು ಕಲಿಯದೆ ಅಲ್ಲಿ ಯಾರೂ ಅಕಾರ್ಡಿಯನ್ ಕಲಿತೆ ಎನ್ನುವುದಿಲ್ಲ. ಕೃಷಿಯ ಜನ ತಮ್ಮ ಕುರುಡು ಮಕ್ಕಳಿಗೆ ಹಾಡಿನಲ್ಲಿ ಬಾಳು ಹುಡುಕಿಕೊಟ್ಟ ಕಥೆ ಗದಗಿನಲ್ಲೂ ಇದೆ, ಅಲ್ಲೂ ಇದೆ.

ಕೇಜನ್ನರ ಅಕಾರ್ಡಿಯನ್ನೂ ನಮ್ಮ ಪೇಟಿಯೂ ಒಂದೇ ಕುಲದವು. ಎರಡರಲ್ಲೂ ತಿದಿಯ ಗಾಳಿ ಹಿತ್ತಾಳೆಯ ಅಥವಾ ಉಕ್ಕಿನ ನಾಲಗೆಗಳನ್ನು ಅದುರಿಸಿ ಸ್ವರ ಹೊರಡಿಸುತ್ತದೆ. ಅಕಾರ್ಡಿಯನ್ನಿಗೆ 1829ರಲ್ಲಿ ವಿಯೆನ್ನಾದಲ್ಲಿ ಪೇಟೆಂಟ್ ಆಯಿತು, ಹಾರ್ಮೋನಿಯಂಗೆ 1840ರ ದಶಕದಲ್ಲಿ ಪ್ಯಾರಿಸಿನಲ್ಲಿ. ಮೊದಮೊದಲು ಹಾರ್ಮೋನಿಯಂ ಕಾಲಲ್ಲಿ ತುಳಿಯುವ ಮೇಜಿನಂಥ ವಾದ್ಯ. ಕಲ್ಕತ್ತೆಯ ದ್ವಾರಕಾನಾಥ ಘೋಷರು 1875ರ ಹೊತ್ತಿಗೆ ನೆಲದ ಮೇಲೆ ಕೂತು ಕೈಯಲ್ಲಿ ತಿದಿಯೊತ್ತುವ ಪೇಟಿ ಮಾಡಿಕೊಟ್ಟರು. ಎತ್ತಿನ ಗಾಡಿಯಲ್ಲಿಟ್ಟು ಒಯ್ಯುವಷ್ಟು ಹಗುರಾದದ್ದೇ ತಡ, ಅದು ಹಳ್ಳಿಯ ಗುಡಿ ಸೇರಿತು.

ಆ ಪೇಟಿಯನ್ನು 1940ರಿಂದ 1971ರವರೆಗೆ ಆಕಾಶವಾಣಿ ಒಳಗೇ ಬಿಟ್ಟುಕೊಳ್ಳಲಿಲ್ಲ. ನಮ್ಮ ಶ್ರುತಿ, ಗಮಕಗಳು ಅದರಲ್ಲಿ ನುಡಿಯುವುದಿಲ್ಲ ಎಂಬುದು ಆಕ್ಷೇಪ. ಶಾಸ್ತ್ರದ ಮಾತು ಏನೇ ಇರಲಿ, ಆ ಮೂವತ್ತು ವರ್ಷ ಹಳ್ಳಿಯ ಒಂದು ಭಜನಾ ಮೇಳವೂ ಪೇಟಿ ಮುಚ್ಚಿಡಲಿಲ್ಲ.

ಮತ್ತೆ ನಮ್ಮ ಸೀಮೆಗೆ ಮರಳೋಣ. ಸುರಪುರದ ಹೆಸರು ಬಂದರೆ ನಾಯಕ ಅರಸರು, 1858ರ ಹೋರಾಟದ ರಾಜಾ ವೆಂಕಟಪ್ಪ ನಾಯಕರು, ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್, ಗರುಡಾದ್ರಿ ಚಿತ್ರಕಲೆ ಎಲ್ಲ ನೆನಪಾಗುತ್ತವೆ. ಹರಿದಾಸರ ಸಾಲಿನಲ್ಲೂ ಸುರಪುರವಿದೆ. ‘ಕಮಲೇಶವಿಠಲ’ ಅಂಕಿತದ ಆನಂದದಾಸರು ಈ ಊರಿನವರು. ಹಾಗೆ ನೋಡಿದರೆ ಕೃಷ್ಣೆಯ ಎರಡೂ ದಂಡೆ ದಾಸರ ನೆಲ. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನವಿಯ ಜಗನ್ನಾಥದಾಸರು, ಎಲ್ಲರೂ ಆಚೆ ದಂಡೆಯ ರಾಯಚೂರು ಸೀಮೆಯವರು. ವಿಜಯದಾಸರು ತೀರಿಕೊಂಡದ್ದು 1755ರಲ್ಲಿ, ಕೇಜನ್ನರ ಹಿರಿಯರು ನೆಲ ಕಳೆದುಕೊಂಡ ಅದೇ ವರ್ಷ.

ಮಾನವಿಯಲ್ಲಿ ಭಾದ್ರಪದ ಶುದ್ಧ ನವಮಿಗೆ ಜಗನ್ನಾಥದಾಸರ ಆರಾಧನೆ. 1728ರಿಂದ 1809ರವರೆಗೆ ಬಾಳಿದ ಅವರು ಅಲ್ಲಿನ ಕಂಬದಲ್ಲಿ ನೆಲೆಸಿದ್ದಾರೆಂದು ಭಕ್ತರ ನಂಬಿಕೆ. ಸಂಸ್ಕೃತ ಪಂಡಿತರಾಗಿದ್ದ ಅವರು ಮೊದಲು ಕನ್ನಡದ ದಾಸರನ್ನು ಲಘುವಾಗಿ ಕಂಡರಂತೆ. ಹೊಟ್ಟೆಶೂಲೆ ಬಂದು ನರಳಿದಾಗ ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷ ಧಾರೆಯೆರೆದರು ಎಂದು ಪರಂಪರೆ ಹೇಳುತ್ತದೆ. ಆಮೇಲೆ ಹುಟ್ಟಿದ್ದು 32 ಸಂಧಿಗಳ ಹರಿಕಥಾಮೃತಸಾರ, ಅದೂ ಕನ್ನಡದ ಭಾಮಿನಿ ಷಟ್ಪದಿಯಲ್ಲಿ. ಆರಾಧನೆಯ ದಿನಗಳಲ್ಲಿ ಹೆಣ್ಣುಮಕ್ಕಳ ಭಜನಾ ಮಂಡಳಿಗಳು ಒಂದೇ ಬಣ್ಣದ ಸೀರೆಯುಟ್ಟು, ಕೈತಾಳ ಹಿಡಿದು, ಅದನ್ನು ಸಾಲಾಗಿ ಕೂತು ಒಪ್ಪಿಸುತ್ತವೆ. ಯಾದಗಿರಿ, ಸುರಪುರದಿಂದಲೂ ಜನ ಹೋಗುತ್ತಾರೆ.

ಹೆಣ್ಣುಮಕ್ಕಳ ಮಾತು ಬಂದಿದ್ದರಿಂದ ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರನ್ನು ಮರೆಯಲಾಗದು. ತಮಿಳುನಾಡಿನ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳುಬಿದ್ದಿದ್ದಾಗ ನಾಗರತ್ನಮ್ಮ ತಮ್ಮ ಗಳಿಕೆ ಸುರಿದು ಗುಡಿ ಕಟ್ಟಿಸಿದರು. 1925ರಲ್ಲಿ ಅದರ ಪ್ರತಿಷ್ಠೆಯಾಯಿತು. ಆದರೆ ಆರಾಧನೆಯಲ್ಲಿ ಹೆಂಗಸರು ಹಾಡಕೂಡದು ಎಂಬ ಕಟ್ಟಳೆಯಿತ್ತು. ಆಕೆ ಹಿಂದೆ ಸರಿಯಲಿಲ್ಲ. ಹೆಣ್ಣುಮಕ್ಕಳನ್ನು ಕೂಡಿಸಿ ಗುಡಿಯ ಹಿಂದೆ ತಾವೇ ಬೇರೆ ಆರಾಧನೆ ನಡೆಸಿದರು. 1940ರ ಸುಮಾರಿಗೆ ಬೇರೆಬೇರೆಯಾಗಿ ಆರಾಧನೆ ನಡೆಸುತ್ತಿದ್ದ ಬಣಗಳೆಲ್ಲ ಒಂದಾದವು. ಇಂದು ಅಲ್ಲಿ ಪಂಚರತ್ನ ಕೃತಿಗಳನ್ನು ನೂರಾರು ಮಂದಿ ಗಂಡಸರು, ಹೆಂಗಸರು ಒಂದೇ ದನಿಯಲ್ಲಿ ಹಾಡುತ್ತಾರೆ. ತೀರಿಹೋದ ಸಂಗೀತಗಾರನ ಹೆಸರಿನಲ್ಲಿ ದಕ್ಷಿಣ ಭಾರತದಲ್ಲಿ ನಡೆಯುವ ಅತಿ ದೊಡ್ಡ ಹಬ್ಬಕ್ಕೆ ಇಂದಿನ ರೂಪ ಬರಲು ಒಬ್ಬ ಕನ್ನಡದ ಹೆಣ್ಣುಮಗಳು ಕಾರಣ.

ತಾರೀಖುಗಳ ಇನ್ನೊಂದು ಕಾಕತಾಳೀಯ ನೋಡಿ. ಗಾಯಕ ಸಿ. ಅಶ್ವಥ್ 1939ರ ಡಿಸೆಂಬರ್ 29ರಂದು ಹುಟ್ಟಿ 2009ರ ಡಿಸೆಂಬರ್ 29ರಂದೇ ತೀರಿಕೊಂಡರು. ಅವರ ದನಿಯಿಂದ ಮನೆಮನೆ ತಲುಪಿದ ಶಿಶುನಾಳ ಶರೀಫರು 1819ರಿಂದ 1889ರವರೆಗೆ ಬಾಳಿದವರು. ಶರೀಫರ ಪದ ಹಾಡುವವರು ಅಶ್ವಥ್‌ಗಿಂತ ಮುಂಚೆಯೂ ಸಾವಿರಾರು ಮಂದಿ ಇದ್ದರು ಎಂಬುದನ್ನು ಅವರ ಧಾಟಿ ಮೆಚ್ಚುವವರೂ ನೆನಪಿಡಬೇಕು.

ತಿಂಥಣಿಯ ಮೌನೇಶ್ವರ ಜಾತ್ರೆಗೆ ಹೋಗಿದ್ದೀರಾ? ಸುರಪುರದ ಹತ್ತಿರದ ದೇವರಗೋನಾಲದಲ್ಲಿ ಹುಟ್ಟಿ ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ನಿಂತ ವಚನಕಾರ ಮೌನೇಶ್ವರ. ಹಿಂದೂಗಳಿಗೆ ಮೌನಪ್ಪಯ್ಯ, ಮುಸ್ಲಿಮರಿಗೆ ಮೌನುದ್ದೀನ. ಅವನ ವಚನಗಳಲ್ಲಿ ಕನ್ನಡದ ಜತೆಗೆ ದಖನಿ ಉರ್ದುವೂ ಸಲೀಸಾಗಿ ಬೆರೆತಿದೆ. ಜಾತ್ರೆಯ ರಾತ್ರಿ ಹೊಳೆಯ ಮಳಲಲ್ಲಿ, ಗುಡಿಯ ಪೌಳಿಯಲ್ಲಿ, ಬಂಡಿ ಬಿಟ್ಟ ಕಡೆಯಲ್ಲೆಲ್ಲ ಮೇಳಗಳು ಕೂತಿರುತ್ತವೆ. ಯಾರೂ ಕರೆಸಿದ್ದಲ್ಲ, ಯಾರೂ ಕೊಟ್ಟದ್ದಿಲ್ಲ. ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದವರು, ಹಾಡಿ ಹೋಗುವವರು.

ಶಾಲು, ಹಾರ, ಭಾಷಣಗಳ ಪುಣ್ಯಸ್ಮರಣೆ ಬೇಡವೆಂದು ನಾನು ಹೇಳುವುದಿಲ್ಲ. ರಾಯಚೂರಿನ ರಂಗಮಂದಿರಕ್ಕೆ ಪಂಡಿತ ಸಿದ್ಧರಾಮ ಜಂಬಲದಿನ್ನಿ ಅವರ ಹೆಸರಿಟ್ಟದ್ದು ಒಳ್ಳೆಯ ಕೆಲಸ. ಬಸ್ಸಿಗೆ ಕಾಯುವ ಹುಡುಗನೂ ಆ ಹೆಸರು ಓದುತ್ತಾನೆ. ಆದರೆ ಹಾಡುಗಾರನ ಹೆಸರಿನ ಸಮಾರಂಭದಲ್ಲಿ ಮೂರು ತಾಸು ಮಾತು, ಕಡೆಗೆ ಹತ್ತು ನಿಮಿಷ ಹಾಡು ಎಂದಾದರೆ ನನಗೆ ಸಂಕಟವಾಗುತ್ತದೆ. ಊರ ಮೇಳದವರನ್ನು ಮೂಲೆಯಲ್ಲಿ ಕೂರಿಸಿ ‘ಬೇಗ ಮುಗಿಸ್ರಿ’ ಎನ್ನುವುದನ್ನು ಕಂಡಾಗ ಇನ್ನೂ ಹೆಚ್ಚು. ಮೊದಲು ಮೇಳ ಕೂಡಲಿ, ಮಾತು ಆಮೇಲೆ ಬರಲಿ.

ತತ್ವಪದಕಾರರ ಪದಗಳನ್ನು ಸೀಮೆವಾರು ಕಲೆಹಾಕಿ ಕರ್ನಾಟಕ ಸರ್ಕಾರದ ಕನಕದಾಸ ಅಧ್ಯಯನ ಕೇಂದ್ರ ಸಂಪುಟಗಳ ಮಾಲೆಯನ್ನೇ ತಂದಿದೆ. ಅದರ ಬೆನ್ನಿಗೆ ನೂರಾರು ಹಳ್ಳಿಗಳ ಭಜನಾ ಪುಸ್ತಕಗಳಿವೆ. ಅಂಗಡಿಯ ಲೆಕ್ಕದ ವಹಿಯಲ್ಲಿ, ಮಕ್ಕಳ ಶಾಲೆಯ ಪಟ್ಟಿಯಲ್ಲಿ, ಎಣ್ಣೆ ಕಲೆ ಬಿದ್ದ ಹಾಳೆಗಳಲ್ಲಿ, ಮುತ್ಯಾಂದಿರು ಗುಂಡಗುಂಡಗೆ ಬರೆದಿಟ್ಟ ಪದಗಳವು. ಇನ್ನೂ ಎಷ್ಟೋ ಪಟ್ಟಿಗಳು ಮನೆಯ ನೆಲುವಿನ ಮೇಲೆ, ಟ್ರಂಕಿನ ತಳದಲ್ಲಿ ಉಳಿದಿವೆ. ಯಾದಗಿರಿ, ಶಹಾಪುರ, ಸುರಪುರದ ಓದುಗರಲ್ಲಿ ಯಾರ ಮನೆಯಲ್ಲಾದರೂ ಅಂಥದ್ದಿದ್ದರೆ ಈ ವಾರವೇ ಒಂದೊಂದು ಪುಟವನ್ನೂ ಮೊಬೈಲಿನಲ್ಲಿ ಸ್ಪಷ್ಟವಾಗಿ ಫೋಟೊ ತೆಗೆದಿಡಿ. ಹಿರಿಯರಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಪದ ಯಾರದು, ಯಾರ ಬಾಯಿಂದ ಕಲಿತದ್ದು, ಯಾವ ಹಬ್ಬಕ್ಕೆ ಹಾಡುವುದು ಎಂದು ಕೇಳಿ ಬರೆದುಕೊಳ್ಳಿ. ಅಕ್ಷರ ಉಳಿದು ಧಾಟಿ ಹೋದರೆ ಪದ ಅರ್ಧ ಹೋದಂತೆ. ಆದ್ದರಿಂದ ಅವರು ಹಾಡಿದ್ದನ್ನೂ ರೆಕಾರ್ಡ್ ಮಾಡಿ. ದನಿ ನಡುಗಿದರೂ ನಡುವೆ ಕೆಮ್ಮಿದರೂ ಪೂರ್ತಿ ಹಾಡಲು ಬಿಡಿ, ಕಡೀ ನುಡಿಯ ತನಕ.